ಕಾಲೇಜು ಶುಲ್ಕ, ವಿದ್ಯಾರ್ಥಿವೇತನ, ಶಿಕ್ಷಣ ಸಾಲ: ಮಲೆನಾಡಿನ ಮನೆಗಳಿಗೆ ತೆರಿಗೆಯ ಲೆಕ್ಕ

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದು ಸಿಇಟಿ ಸೀಟು ಹಂಚಿಕೆ ಆರಂಭವಾಗುವ ವೇಳೆಗೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಬಹುತೇಕ ಮನೆಗಳಲ್ಲಿ ಒಂದೇ ಬಗೆಯ ಲೆಕ್ಕಾಚಾರ ನಡೆಯುತ್ತದೆ. ಮಗಳನ್ನು ಊರಿನ ಕಾಲೇಜಿಗೇ ಸೇರಿಸುವುದೋ, ಶಿವಮೊಗ್ಗ ಇಲ್ಲವೇ ಬೆಂಗಳೂರಿಗೆ ಕಳುಹಿಸುವುದೋ? ಹಣವನ್ನು ಮಂಡಿಯಲ್ಲಿರುವ ಅಡಿಕೆ ಮಾರಿ ಹೊಂದಿಸುವುದೋ, ಬ್ಯಾಂಕಿನಲ್ಲಿ ಸಾಲ ಪಡೆಯುವುದೋ? ಈ ಚರ್ಚೆಯ ನಡುವೆ ಯಾರಾದರೊಬ್ಬರು, ‘ಶಿಕ್ಷಣ ಸಾಲ ಮಾಡಿದರೆ ತೆರಿಗೆ ಉಳಿಯುತ್ತದಂತೆ’ ಎನ್ನುವುದುಂಟು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅಣ್ಣ, ‘ತಂಗಿಯ ಶುಲ್ಕ ನಾನೇ ಕಟ್ಟುತ್ತೇನೆ, ನನಗೆ ತೆರಿಗೆ ಕಡಿಮೆಯಾಗುತ್ತದೆ’ ಎನ್ನುವುದೂ ಉಂಟು.

ಮೊದಲ ಮಾತು ಕೆಲವರ ಪಾಲಿಗೆ ಮಾತ್ರ ನಿಜ. ಎರಡನೆಯದು ನಿಜವಲ್ಲ. ಯಾರ ಹೆಸರಿನಲ್ಲಿ ಸಾಲವಿದೆ, ಯಾರು ಯಾವ ಆದಾಯದಿಂದ ಹಣ ಕಟ್ಟುತ್ತಾರೆ, ಅವರು ಯಾವ ತೆರಿಗೆ ಪದ್ಧತಿಯಲ್ಲಿದ್ದಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲಷ್ಟೇ ಲಾಭವಿದೆಯೇ ಇಲ್ಲವೇ ಎಂದು ಹೇಳಲು ಸಾಧ್ಯ. ಸಾಲಪತ್ರಕ್ಕೆ ಸಹಿ ಬಿದ್ದ ಬಳಿಕ ಇದನ್ನು ತಿದ್ದುವುದು ಕಷ್ಟ. ಆದುದರಿಂದ ಮೊದಲೇ ತಿಳಿದಿರುವುದು ಒಳಿತು.

ವಿನಾಯಿತಿ, ಕಡಿತ, ಕ್ರೆಡಿಟ್

ಸಾಮಾನ್ಯ ಮಾತಿನಲ್ಲಿ ಎಲ್ಲವನ್ನೂ ‘ತೆರಿಗೆ ವಿನಾಯಿತಿ’ ಎಂದೇ ಕರೆಯುತ್ತೇವೆ. ಕಾನೂನಿನಲ್ಲಿ ಇವು ಬೇರೆ ಬೇರೆ. ‘ವಿನಾಯಿತಿ’ ಎಂದರೆ ಬಂದ ಹಣವನ್ನು ಆದಾಯವೆಂದು ಲೆಕ್ಕಿಸದೇ ಇರುವುದು. ವಿದ್ಯಾರ್ಥಿವೇತನ ಈ ವರ್ಗಕ್ಕೆ ಸೇರುತ್ತದೆ. ‘ಕಡಿತ’ ಎಂದರೆ ತೆರಿಗೆಗೆ ಒಳಪಡುವ ಆದಾಯದಿಂದ ನಿರ್ದಿಷ್ಟ ಮೊತ್ತವನ್ನು ಕಳೆಯುವುದು. ಬೋಧನಾ ಶುಲ್ಕ ಮತ್ತು ಶಿಕ್ಷಣ ಸಾಲದ ಬಡ್ಡಿ ಇಲ್ಲಿ ಬರುತ್ತವೆ. ‘ಕ್ರೆಡಿಟ್’ ಎಂದರೆ ಕಟ್ಟಬೇಕಾದ ತೆರಿಗೆಯ ಮೊತ್ತದಲ್ಲೇ ಕಳೆಯುವುದು.

ಅಮೆರಿಕದಲ್ಲಿ ಶಿಕ್ಷಣಕ್ಕೆ ಇಂತಹ ಕ್ರೆಡಿಟ್ ಇದೆ. ಅಲ್ಲಿನ ‘ಅಮೆರಿಕನ್ ಆಪರ್ಚುನಿಟಿ’ ಕ್ರೆಡಿಟ್‌ನಡಿ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ ಗರಿಷ್ಠ 2,500 ಡಾಲರ್ ದೊರೆಯುತ್ತದೆ. ತೆರಿಗೆಯೇ ಇಲ್ಲದವರಿಗೂ ಅದರಲ್ಲಿ 1,000 ಡಾಲರ್‌ವರೆಗೆ ಮರಳಿ ಸಿಗುವ ಅವಕಾಶವಿದೆ. ಭಾರತದಲ್ಲಿ ಕಾಲೇಜು ಶುಲ್ಕಕ್ಕೆ ಇಂತಹ ವ್ಯವಸ್ಥೆ ಇಲ್ಲ. ಇಲ್ಲಿರುವುದು ಕಡಿತ ಮಾತ್ರ. ತೆರಿಗೆ ಕಟ್ಟುವ ಆದಾಯ ಇಲ್ಲದವರಿಗೆ ಕಡಿತದಿಂದ ಒಂದು ರೂಪಾಯಿಯ ಪ್ರಯೋಜನವೂ ಇಲ್ಲ.

ಅಡಿಕೆ ಆದಾಯದ ಮನೆಗಳು

ಈ ಮೂರು ತಾಲ್ಲೂಕುಗಳ ಆರ್ಥಿಕ ಬದುಕು ನಿಂತಿರುವುದು ಅಡಿಕೆ, ಕಾಳುಮೆಣಸು, ಭತ್ತದ ಮೇಲೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಬೆಳೆಗಾರ ತನ್ನ ಬೆಳೆಯನ್ನು ಮಾರುಕಟ್ಟೆಗೆ ಒಯ್ಯಲು ಸಾಮಾನ್ಯವಾಗಿ ಅನುಸರಿಸುವ ಸಂಸ್ಕರಣೆಯ ಆದಾಯವೂ ಕೃಷಿ ಆದಾಯವೇ ಎಂದು ಕಾನೂನು ಹೇಳುತ್ತದೆ. ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಒಯ್ಯುವುದು ಇಂತಹ ಸಂಸ್ಕರಣೆ.

ತೋಟದ ಆದಾಯವೊಂದನ್ನೇ ನಂಬಿದ ತಂದೆ ಮಗನ ಎಂಜಿನಿಯರಿಂಗ್ ಶಿಕ್ಷಣಕ್ಕೆ ಎರಡು ಲಕ್ಷ ರೂ. ಕಟ್ಟಿದರೂ, ಸಾಲದ ಬಡ್ಡಿಯನ್ನು ತಾನೇ ತೀರಿಸಿದರೂ, ತೆರಿಗೆಯ ದೃಷ್ಟಿಯಿಂದ ಏನೂ ಉಳಿಯದು. ಕಳೆಯಲು ತೆರಿಗೆಗೆ ಒಳಪಡುವ ಆದಾಯವೇ ಅವರಲ್ಲಿಲ್ಲ.

ತೋಟದ ಜೊತೆಗೆ ಸಂಬಳವೂ ಇರುವವರ ಸ್ಥಿತಿ ಬೇರೆ. ನಿವ್ವಳ ಕೃಷಿ ಆದಾಯ ವರ್ಷಕ್ಕೆ 5,000 ರೂ. ಮೀರಿದ್ದು, ಇತರ ಆದಾಯ ತೆರಿಗೆರಹಿತ ಮಿತಿಯನ್ನು ದಾಟಿದ್ದರೆ, ತೆರಿಗೆಯ ದರ ನಿರ್ಧರಿಸಲು ಕೃಷಿ ಆದಾಯವನ್ನೂ ಸೇರಿಸಿಕೊಳ್ಳಲಾಗುತ್ತದೆ. ಒಂದು ಉದಾಹರಣೆ ನೋಡೋಣ. ತೀರ್ಥಹಳ್ಳಿಯ ಶಿಕ್ಷಕರೊಬ್ಬರ ತೆರಿಗೆಗೆ ಒಳಪಡುವ ಸಂಬಳ 11 ಲಕ್ಷ ರೂ., ಅವರದೇ ಹೆಸರಿನ ತೋಟದ ನಿವ್ವಳ ಆದಾಯ 6 ಲಕ್ಷ ರೂ. ಎಂದು ಭಾವಿಸೋಣ. 2025-26ನೇ ಸಾಲಿನ ಹೊಸ ಪದ್ಧತಿಯ ದರದಂತೆ 17 ಲಕ್ಷಕ್ಕೆ ತೆರಿಗೆ 1,40,000 ರೂ. ಅದರಿಂದ, ಮೂಲ ಮಿತಿ 4 ಲಕ್ಷ ಮತ್ತು ಕೃಷಿ ಆದಾಯ 6 ಲಕ್ಷ ಸೇರಿದ 10 ಲಕ್ಷದ ಮೇಲಿನ ತೆರಿಗೆ 40,000 ರೂ. ಕಳೆಯಬೇಕು. ಉಳಿದ 1,00,000 ರೂ.ಗೆ ಗರಿಷ್ಠ ರಿಯಾಯಿತಿ 60,000 ರೂ. ಹೋದರೆ 40,000 ರೂ., ಶೇ. 4 ಸೆಸ್ ಸೇರಿ 41,600 ರೂ. ಕಟ್ಟಬೇಕಾಗುತ್ತದೆ. ‘12 ಲಕ್ಷದವರೆಗೆ ತೆರಿಗೆ ಇಲ್ಲ’ ಎಂಬ ಮಾತು ತೋಟವುಳ್ಳ ಸಂಬಳದಾರರಿಗೆ ಪೂರ್ಣವಾಗಿ ಅನ್ವಯಿಸದು.

ಬೋಧನಾ ಶುಲ್ಕ: ಏನು ಸೇರುತ್ತದೆ, ಏನಿಲ್ಲ

1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 80ಸಿ ಅಡಿ ಮಕ್ಕಳ ಬೋಧನಾ ಶುಲ್ಕವನ್ನು ಆದಾಯದಿಂದ ಕಳೆಯಲು ಅವಕಾಶ ನೀಡಲಾಗಿತ್ತು. ಆ ಕಾಯ್ದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಆದಾಯ ತೆರಿಗೆ ಕಾಯ್ದೆ, 2025 ಬಂದಿದೆ. 80ಸಿಯ ವಿಷಯ ಅಲ್ಲಿ 123ನೇ ಸೆಕ್ಷನ್‌ಗೆ ಸೇರಿದೆ. ಸಂಖ್ಯೆ ಬದಲಾದರೂ ತಿರುಳು ಅದೇ. ಜನಬಳಕೆಯಲ್ಲಿರುವುದು ಹಳೆಯ ಸಂಖ್ಯೆಗಳಾದ್ದರಿಂದ ಇಲ್ಲಿಯೂ ಅವನ್ನೇ ಬಳಸಲಾಗಿದೆ.

ಈ ಕಡಿತದ ಷರತ್ತುಗಳು ಹೀಗಿವೆ:

ಶುಲ್ಕ ಭಾರತದಲ್ಲಿರುವ ಶಾಲೆ, ಕಾಲೇಜು, ವಿಶ್ವವಿದ್ಯಾಲಯ ಅಥವಾ ಇತರ ಶಿಕ್ಷಣ ಸಂಸ್ಥೆಗೆ ಸಂದಾಯವಾಗಿರಬೇಕು. ಸಾಗರದ ಲಾಲ್ ಬಹಾದ್ದೂರ್ ಕಾಲೇಜಾಗಲಿ, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯವಾಗಲಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವಾಗಲಿ, ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಾಗಲಿ, ನಿಯಮ ಒಂದೇ. ವಿದೇಶದ ಕಾಲೇಜಿಗೆ ಕಟ್ಟಿದ ಶುಲ್ಕಕ್ಕೆ ಈ ಅವಕಾಶವಿಲ್ಲ.

ಶಿಕ್ಷಣ ಪೂರ್ಣಾವಧಿಯದಾಗಿರಬೇಕು. ಅರೆಕಾಲಿಕ ಕೋರ್ಸಿಗೆ ಇದು ಅನ್ವಯಿಸದು.

ಒಬ್ಬ ತೆರಿಗೆದಾರರು ಇಬ್ಬರು ಮಕ್ಕಳ ಶುಲ್ಕವನ್ನು ಮಾತ್ರ ತೋರಿಸಬಹುದು. ಪತಿ, ಪತ್ನಿ ಇಬ್ಬರೂ ತೆರಿಗೆದಾರರಾಗಿದ್ದರೆ ತಾವು ತಾವು ಕಟ್ಟಿದ ಮೊತ್ತಕ್ಕೆ ಪ್ರತ್ಯೇಕವಾಗಿ ಕಡಿತ ಪಡೆಯಬಹುದು.

ಬೋಧನಾ ಶುಲ್ಕಕ್ಕಷ್ಟೇ ಕಡಿತ. ಅಭಿವೃದ್ಧಿ ಶುಲ್ಕ, ದೇಣಿಗೆ, ಕ್ಯಾಪಿಟೇಶನ್ ಶುಲ್ಕಗಳನ್ನು ಕಾನೂನೇ ಹೊರಗಿಟ್ಟಿದೆ. ಹಾಸ್ಟೆಲ್, ಬಸ್, ಪುಸ್ತಕ, ಕೋಚಿಂಗ್ ವೆಚ್ಚಗಳೂ ಸೇರುವುದಿಲ್ಲ. ಆದುದರಿಂದ ಶುಲ್ಕದ ರಸೀದಿಯಲ್ಲಿ ಬೋಧನಾ ಶುಲ್ಕವನ್ನು ಪ್ರತ್ಯೇಕವಾಗಿ ನಮೂದಿಸಿಕೊಳ್ಳಬೇಕು.

ಜೀವ ವಿಮೆ, ಭವಿಷ್ಯ ನಿಧಿ, ಗೃಹ ಸಾಲದ ಅಸಲು ಮುಂತಾದವೆಲ್ಲ ಸೇರಿ ಒಟ್ಟು ಮಿತಿ 1.5 ಲಕ್ಷ ರೂ. ಭವಿಷ್ಯ ನಿಧಿಯಿಂದಲೇ ಈ ಮಿತಿ ತುಂಬಿದವರಿಗೆ ಬೋಧನಾ ಶುಲ್ಕದಿಂದ ಹೆಚ್ಚಿನ ಪ್ರಯೋಜನವಿಲ್ಲ.

ಮುಖ್ಯವಾದ ಮಾತೆಂದರೆ, ಈ ಕಡಿತ ಸ್ವಂತ ಮಕ್ಕಳ ಶುಲ್ಕಕ್ಕೆ ಮಾತ್ರ. ತಮ್ಮ, ತಂಗಿ, ಅಣ್ಣನ ಮಕ್ಕಳು, ಮೊಮ್ಮಕ್ಕಳ ಶುಲ್ಕ ಕಟ್ಟಿದವರಿಗೆ ಇದು ದೊರೆಯದು. ಊರಿನ ತಂಗಿಯನ್ನು ಓದಿಸುವ ಅಣ್ಣನ ಕರ್ತವ್ಯವನ್ನು ತೆರಿಗೆ ಕಾನೂನು ಗುರುತಿಸಿಲ್ಲ. ಹಾಗೆಂದು ಆತ ಕೊಟ್ಟ ಹಣಕ್ಕೆ ತಂಗಿ ತೆರಿಗೆ ಕಟ್ಟಬೇಕಾಗಿಯೂ ಇಲ್ಲ. ಒಡಹುಟ್ಟಿದವರು, ತಂದೆತಾಯಿ, ಅಜ್ಜ ಅಜ್ಜಿಯರಿಂದ ಬರುವ ಕೊಡುಗೆಗೆ ತೆರಿಗೆ ಇಲ್ಲ. ಬಂಧುಗಳಲ್ಲದವರಿಂದ ವರ್ಷದಲ್ಲಿ ಒಟ್ಟು 50,000 ರೂ. ಮೀರಿ ಕೊಡುಗೆ ಬಂದರೆ ಮಾತ್ರ ತೆರಿಗೆಯ ಪ್ರಶ್ನೆ ಏಳುತ್ತದೆ.

ಹಳೆಯ ಪದ್ಧತಿಯೋ, ಹೊಸದೋ

ಬೋಧನಾ ಶುಲ್ಕ ಮತ್ತು ಸಾಲದ ಬಡ್ಡಿಯ ಕಡಿತ ಎರಡೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಲಭ್ಯ. 2023-24ನೇ ಸಾಲಿನಿಂದ, ತೆರಿಗೆದಾರರು ಬೇರೆ ಆಯ್ಕೆ ಮಾಡದಿದ್ದರೆ ಹೊಸ ಪದ್ಧತಿಯೇ ಅನ್ವಯವಾಗುತ್ತದೆ. ಅಲ್ಲಿ ದರ ಕಡಿಮೆ, ಆದರೆ ಈ ಕಡಿತಗಳಿಲ್ಲ.

2025-26ರ ದರದಂತೆ ಹೊಸ ಪದ್ಧತಿಯಲ್ಲಿ 12 ಲಕ್ಷ ರೂ.ವರೆಗಿನ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆ ಇಲ್ಲ. ಸಂಬಳದಾರರಿಗೆ 75,000 ರೂ. ಪ್ರಮಾಣಿತ ಕಡಿತವೂ ಸೇರಿ ಇದು 12.75 ಲಕ್ಷ ರೂ. ಆಗುತ್ತದೆ. ಅಂದರೆ ಬೇರೆ ಆದಾಯವಿಲ್ಲದ, ವರ್ಷಕ್ಕೆ 11.5 ಲಕ್ಷ ರೂ. ಸಂಬಳದ ನೌಕರರೊಬ್ಬರು ಬೋಧನಾ ಶುಲ್ಕದ ಕಡಿತಕ್ಕಾಗಿ ಹಳೆಯ ಪದ್ಧತಿಗೆ ಹೋದರೆ ಇಲ್ಲದ ತೆರಿಗೆಯನ್ನು ತಾವಾಗಿ ಮೈಮೇಲೆ ಎಳೆದುಕೊಂಡಂತೆ.

ಸಂಬಳ 16 ಲಕ್ಷ ರೂ. ಇದ್ದರೆ? ಹೊಸ ಪದ್ಧತಿಯಲ್ಲಿ ಸೆಸ್ ಬಿಟ್ಟು ತೆರಿಗೆ 1,08,750 ರೂ. ಹಳೆಯ ಪದ್ಧತಿಯಲ್ಲಿ ಇಷ್ಟೇ ತೆರಿಗೆ ಬರಬೇಕಾದರೆ 50,000 ರೂ. ಪ್ರಮಾಣಿತ ಕಡಿತವೂ ಸೇರಿದಂತೆ ಒಟ್ಟು ಕಡಿತ ಸುಮಾರು 6.19 ಲಕ್ಷ ರೂ. ಇರಬೇಕು. ಮನೆ ಬಾಡಿಗೆ ಭತ್ಯೆ, ಗೃಹ ಸಾಲದ ಬಡ್ಡಿ, 80ಸಿ, ಇವುಗಳ ಜೊತೆಗೆ ದೊಡ್ಡ ಶಿಕ್ಷಣ ಸಾಲದ ಬಡ್ಡಿಯೂ ಸೇರಿದಾಗ ಮಾತ್ರ ಹಳೆಯ ಪದ್ಧತಿ ಗೆಲ್ಲಬಹುದು. ಬೋಧನಾ ಶುಲ್ಕವೊಂದರಿಂದಲೇ ಅದು ಸಾಧ್ಯವಿಲ್ಲ.

ಸಂಬಳದಾರರು ಪ್ರತಿವರ್ಷ ಪದ್ಧತಿಯನ್ನು ಬದಲಾಯಿಸಬಹುದು. ಹಳೆಯ ಪದ್ಧತಿ ಬೇಕಿದ್ದವರು ಗಡುವಿನೊಳಗೆ ರಿಟರ್ನ್ ಸಲ್ಲಿಸಬೇಕು. ವ್ಯಾಪಾರ, ವೃತ್ತಿಯ ಆದಾಯವುಳ್ಳವರಿಗೆ ಈ ಸ್ವಾತಂತ್ರ್ಯ ಸೀಮಿತ.

ಶಿಕ್ಷಣ ಸಾಲ: ಹೆಸರೇ ಮುಖ್ಯ

ಸೆಕ್ಷನ್ 80ಇ ಅಡಿ ಉನ್ನತ ಶಿಕ್ಷಣ ಸಾಲದ ಬಡ್ಡಿಗೆ ಕಡಿತವಿದೆ. ಮೊದಲು ಅಸಲು ಮತ್ತು ಬಡ್ಡಿ ಸೇರಿ ವರ್ಷಕ್ಕೆ 40,000 ರೂ. ಮಿತಿ ಇತ್ತು. 2005ರ ಹಣಕಾಸು ಕಾಯ್ದೆಯ ಬಳಿಕ ಅದು ಬಡ್ಡಿಗೆ ಮಾತ್ರ ಸೀಮಿತವಾಯಿತು, ಆದರೆ ಮೊತ್ತದ ಮಿತಿ ಹೋಯಿತು. 2009ರಲ್ಲಿ ಪಿಯುಸಿ ನಂತರದ ಎಲ್ಲ ವ್ಯಾಸಂಗಗಳಿಗೂ ಇದು ವಿಸ್ತರಣೆಯಾಯಿತು. ವಿದೇಶದ ವ್ಯಾಸಂಗಕ್ಕೂ ಅವಕಾಶವಿದೆ.

ಕಾನೂನಿನ ಮಾತುಗಳನ್ನು ಗಮನವಿಟ್ಟು ಓದಬೇಕು. ಸಾಲವನ್ನು ತೆರಿಗೆದಾರರೇ ಪಡೆದಿರಬೇಕು. ಬಡ್ಡಿಯನ್ನು ಅವರೇ, ತೆರಿಗೆಗೆ ಒಳಪಡುವ ತಮ್ಮ ಆದಾಯದಿಂದ ಕಟ್ಟಿರಬೇಕು. ವ್ಯಾಸಂಗ ಅವರದೇ, ಸಂಗಾತಿಯದೇ, ಮಕ್ಕಳದೇ ಅಥವಾ ಅವರು ಕಾನೂನುಬದ್ಧ ಪೋಷಕರಾಗಿರುವ ವಿದ್ಯಾರ್ಥಿಯದೇ ಆಗಿರಬೇಕು. ಈ ಮಾತುಗಳಿಂದ ಮಲೆನಾಡಿನ ಕುಟುಂಬಗಳಿಗೆ ನಾಲ್ಕು ಪಾಠಗಳು ದೊರೆಯುತ್ತವೆ.

ಒಂದು: ಸಾಲ ತಂದೆಯೊಬ್ಬರ ಹೆಸರಿನಲ್ಲೇ ಇದ್ದು, ಉದ್ಯೋಗ ಸಿಕ್ಕ ಮಗ ಅದನ್ನು ತೀರಿಸಿದರೆ ಮಗನಿಗೆ ಕಡಿತ ದೊರೆಯದು, ಏಕೆಂದರೆ ಸಾಲ ಆತನದಲ್ಲ. ತಂದೆಗೂ ದೊರೆಯದು, ಏಕೆಂದರೆ ಅವರಿಗೆ ತೆರಿಗೆಗೆ ಒಳಪಡುವ ಆದಾಯವಿಲ್ಲ. ವಿದ್ಯಾರ್ಥಿಯೇ ಸಾಲಗಾರನಾಗಿ, ತಂದೆ ಅಥವಾ ತಾಯಿ ಸಹಸಾಲಗಾರರಾಗಿದ್ದರೆ ಮುಂದೆ ಆತ ತನ್ನ ಸಂಬಳದಿಂದ ಕಟ್ಟಿದ ಬಡ್ಡಿಗೆ ಕಡಿತ ಪಡೆಯಬಹುದು.

ಎರಡು: ಸಾಲ ಬ್ಯಾಂಕಿನಿಂದ, ಸರ್ಕಾರ ಅಧಿಸೂಚಿಸಿದ ಹಣಕಾಸು ಸಂಸ್ಥೆಯಿಂದ ಅಥವಾ ಅನುಮೋದಿತ ದತ್ತಿ ಸಂಸ್ಥೆಯಿಂದ ಬಂದಿರಬೇಕು. ಅಡಿಕೆ ಮಂಡಿಯ ಮುಂಗಡ, ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಸಾಲ, ಬಂಧುಗಳಿಂದ ಪಡೆದ ಕೈಸಾಲ ಈ ವ್ಯಾಪ್ತಿಗೆ ಬರುವುದಿಲ್ಲ. ಶುಲ್ಕ ಕಟ್ಟಲೆಂದೇ ಪಡೆದರೂ ಬೆಳೆ ಸಾಲ ಬೆಳೆ ಸಾಲವೇ.

ಮೂರು: ಕಡಿತ ದೊರೆಯುವುದು ಬಡ್ಡಿ ಕಟ್ಟಲು ಆರಂಭಿಸಿದ ವರ್ಷ ಮತ್ತು ನಂತರದ ಏಳು ವರ್ಷ, ಒಟ್ಟು ಎಂಟು ವರ್ಷ ಮಾತ್ರ. ವ್ಯಾಸಂಗದ ಅವಧಿಯಲ್ಲೇ ಬಡ್ಡಿ ಕಟ್ಟಿದವರಿಗೆ ಹಲವು ಬ್ಯಾಂಕುಗಳು ಬಡ್ಡಿ ದರದಲ್ಲಿ ಶೇ. 1ರಷ್ಟು ರಿಯಾಯಿತಿ ನೀಡುತ್ತವೆ. ಆದರೆ ಆದಾಯವೇ ಇಲ್ಲದ ವಿದ್ಯಾರ್ಥಿ ಬಡ್ಡಿ ಕಟ್ಟಲಾರಂಭಿಸಿದರೆ ಆಗಿನಿಂದಲೇ ಎಂಟು ವರ್ಷದ ಎಣಿಕೆ ಶುರುವಾಗುತ್ತದೆ. ನಾಲ್ಕು ವರ್ಷದ ಕೋರ್ಸಿನಲ್ಲಿ ಅರ್ಧ ಅವಧಿ ಹೀಗೆಯೇ ಕಳೆದುಹೋಗಬಹುದು. ಆದರೂ ಹೆಚ್ಚಿನ ಕುಟುಂಬಗಳಿಗೆ, ಮುಂದೆಂದೋ ಸಿಗಬಹುದಾದ ಕಡಿತಕ್ಕಿಂತ ಇಂದೇ ಬೆಳೆಯದೆ ಉಳಿಯುವ ಬಡ್ಡಿಯೇ ಲಾಭಕರ.

ನಾಲ್ಕು: ಸರ್ಕಾರ ಭರಿಸಿದ ಬಡ್ಡಿಗೆ ಕಡಿತವಿಲ್ಲ, ನಾವು ಕಟ್ಟಿದ್ದಕ್ಕೆ ಮಾತ್ರ. ಆದರೆ ಬಡ್ಡಿ ಸಹಾಯಧನದ ಮೌಲ್ಯ ತೆರಿಗೆ ಕಡಿತಕ್ಕಿಂತ ಹೆಚ್ಚು. 2024ರ ನವೆಂಬರ್ 6ರಂದು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಪ್ರವೇಶ ಪಡೆದ, ವಾರ್ಷಿಕ ಕುಟುಂಬ ಆದಾಯ 8 ಲಕ್ಷ ರೂ. ಒಳಗಿನ ವಿದ್ಯಾರ್ಥಿಗಳ 10 ಲಕ್ಷ ರೂ.ವರೆಗಿನ ಸಾಲಕ್ಕೆ, ಮರುಪಾವತಿ ಆರಂಭವಾಗುವ ತನಕ ಶೇ. 3ರಷ್ಟು ಬಡ್ಡಿ ಸಹಾಯಧನಕ್ಕೆ ಅವಕಾಶವಿದೆ. ಬೇರೆ ವಿದ್ಯಾರ್ಥಿವೇತನ ಅಥವಾ ಬಡ್ಡಿ ಸಹಾಯಧನ ಪಡೆಯುತ್ತಿರುವವರಿಗೆ ಇದು ಅನ್ವಯಿಸದು. ಸಾಲಕ್ಕೆ ಜಾಮೀನಾಗಲಿ ಆಸ್ತಿಯ ಭದ್ರತೆಯಾಗಲಿ ಬೇಕಿಲ್ಲ.

ವಿದ್ಯಾರ್ಥಿವೇತನಕ್ಕೆ ತೆರಿಗೆ ಇಲ್ಲ

ಎಲ್ಲಕ್ಕಿಂತ ಸರಳವಾದ ನಿಯಮ ಇದು. ಶಿಕ್ಷಣದ ವೆಚ್ಚ ಭರಿಸಲು ನೀಡಿದ ವಿದ್ಯಾರ್ಥಿವೇತನ 1961ರ ಕಾಯ್ದೆಯ ಸೆಕ್ಷನ್ 10(16) ಅಡಿ ಪೂರ್ಣವಾಗಿ ತೆರಿಗೆಮುಕ್ತವಾಗಿತ್ತು. ಹೊಸ ಕಾಯ್ದೆಯಲ್ಲೂ ಈ ವಿನಾಯಿತಿ ಮುಂದುವರಿದಿದೆ. ಮೊತ್ತಕ್ಕೆ ಮಿತಿ ಇಲ್ಲ. ಹಳೆಯ, ಹೊಸ ಪದ್ಧತಿಗಳೆರಡರಲ್ಲೂ ಅನ್ವಯವಾಗುತ್ತದೆ. ನೀಡಿದವರು ಸರ್ಕಾರವೇ ಆಗಿರಬೇಕೆಂದಿಲ್ಲ.

ರಾಜ್ಯದಲ್ಲಿ ಎಸ್‌ಎಸ್‌ಪಿ ಪೋರ್ಟಲ್ ಮೂಲಕ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೆ ಅರ್ಜಿ ಸಲ್ಲಿಸುವ ವ್ಯವಸ್ಥೆ ಇದೆ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ಯೋಜನೆಯಲ್ಲಿ ರೈತರ ಮಕ್ಕಳಿಗೆ ವ್ಯಾಸಂಗಕ್ಕೆ ತಕ್ಕಂತೆ ವರ್ಷಕ್ಕೆ 2,500 ರೂ.ಗಳಿಂದ 11,000 ರೂ.ಗಳವರೆಗೆ ನಿಗದಿಯಾಗಿತ್ತು. ಇಂತಹ ಹಣವನ್ನು ತಂದೆಯ ಆದಾಯಕ್ಕಾಗಲಿ ವಿದ್ಯಾರ್ಥಿಯ ಆದಾಯಕ್ಕಾಗಲಿ ಸೇರಿಸಬೇಕಿಲ್ಲ. ಆದರೆ ಆ ಹಣ ಬ್ಯಾಂಕಿನಲ್ಲಿದ್ದು ಬಂದ ಬಡ್ಡಿ ಆದಾಯವೇ ಆಗುತ್ತದೆ.

ಕೆಲಸಕ್ಕೆ ಪ್ರತಿಫಲವಾಗಿ ಕೊಡುವ ಸ್ಟೈಪೆಂಡ್ ಬೇರೆ. ಇಂಟರ್ನ್‌ಶಿಪ್, ಅಪ್ರೆಂಟಿಸ್ ತರಬೇತಿಗಳಲ್ಲಿ ಬರುವ ಹಣ ಸಂಬಳದ ಸ್ವರೂಪದ್ದಾಗಿದ್ದರೆ ಅದಕ್ಕೆ ತೆರಿಗೆ ಅನ್ವಯವಾಗಬಹುದು. ಹೆಸರಿಗಿಂತ ಹಣದ ಉದ್ದೇಶ ಮುಖ್ಯ. ಮೂಲದಲ್ಲೇ ತೆರಿಗೆ ಹಿಡಿದಿದ್ದು, ಒಟ್ಟು ಆದಾಯ ಮಿತಿಯೊಳಗಿದ್ದರೆ ವಿದ್ಯಾರ್ಥಿ ರಿಟರ್ನ್ ಸಲ್ಲಿಸಿ ಹಣ ಮರಳಿ ಪಡೆಯಬಹುದು.

ಇನ್ನೊಂದು ವಿಷಯ ಹಲವರನ್ನು ಗೊಂದಲಕ್ಕೆ ಈಡುಮಾಡುತ್ತದೆ. ಅಡಿಕೆ ಆದಾಯಕ್ಕೆ ತೆರಿಗೆ ಇಲ್ಲವೆಂದ ಮಾತ್ರಕ್ಕೆ ಅದು ಕುಟುಂಬದ ಆದಾಯವಲ್ಲ ಎಂದಾಗದು. ಬಡ್ಡಿ ಸಹಾಯಧನಕ್ಕೂ ಆದಾಯ ಮಿತಿಯುಳ್ಳ ಹಲವು ವಿದ್ಯಾರ್ಥಿವೇತನಗಳಿಗೂ ನಾಡಕಚೇರಿಯ ಆದಾಯ ಪ್ರಮಾಣಪತ್ರ ಬೇಕು. ಅದಕ್ಕೆ ಕುಟುಂಬದ ಎಲ್ಲ ಮೂಲಗಳ ಆದಾಯ ತಿಳಿಸಬೇಕಾಗುತ್ತದೆ.

ಜಿಎಸ್‌ಟಿ ಎಲ್ಲಿದೆ, ಎಲ್ಲಿಲ್ಲ

ಕಾನೂನಿನ ಮಾನ್ಯತೆಯುಳ್ಳ ಪದವಿ ನೀಡುವ ಕಾಲೇಜು ತನ್ನ ವಿದ್ಯಾರ್ಥಿಗಳಿಗೆ ನೀಡುವ ಶಿಕ್ಷಣ ಸೇವೆಗೆ ಜಿಎಸ್‌ಟಿ ಇಲ್ಲ. ಖಾಸಗಿ ಕೋಚಿಂಗ್ ಕೇಂದ್ರಗಳ ಶುಲ್ಕಕ್ಕೆ ಶೇ. 18 ಜಿಎಸ್‌ಟಿ ಇದೆ. ಸಿಇಟಿ, ನೀಟ್ ತರಬೇತಿಗೆ ಸೇರಿಸುವ ಮುನ್ನ ಹೇಳಿದ ಶುಲ್ಕದಲ್ಲಿ ಇದು ಸೇರಿದೆಯೇ ಎಂದು ಕೇಳಬೇಕು. ಖಾಸಗಿ ಹಾಸ್ಟೆಲ್ ಮತ್ತು ಪಿ.ಜಿ.ಗಳಲ್ಲಿ ಒಬ್ಬರಿಗೆ ತಿಂಗಳಿಗೆ 20,000 ರೂ.ವರೆಗಿನ ವಸತಿ ಶುಲ್ಕಕ್ಕೆ, ಕನಿಷ್ಠ 90 ದಿನ ಸತತವಾಗಿ ತಂಗಿದರೆ, 2024ರ ಜುಲೈ 15ರಿಂದ ವಿನಾಯಿತಿ ದೊರೆತಿದೆ. ಮುದ್ರಿತ ಪುಸ್ತಕಗಳಿಗೆ ತೆರಿಗೆ ಇಲ್ಲ. ನೋಟ್‌ಬುಕ್, ಪೆನ್ಸಿಲ್, ರಬ್ಬರ್‌ಗಳ ಮೇಲಿನ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ.

ವಿದೇಶಕ್ಕೆ ಹೊರಟವರಿಗೆ

ಮಕ್ಕಳನ್ನು ವಿದೇಶಕ್ಕೆ ಕಳುಹಿಸುವವರು ಹಣ ರವಾನಿಸುವಾಗ ಬ್ಯಾಂಕು ‘ಟಿಸಿಎಸ್’ ವಸೂಲು ಮಾಡುವುದುಂಟು. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂ.ವರೆಗಿನ ರವಾನೆಗೆ ಇದು ಇಲ್ಲ. ಮಾನ್ಯ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದ ಹಣವಾದರೆ ಆ ಮಿತಿ ಮೀರಿದರೂ ಇಲ್ಲ. ಸ್ವಂತ ಹಣವಾದರೆ ಮೀರಿದ ಭಾಗಕ್ಕೆ ಶೇ. 5 ಇತ್ತು, 2026ರ ಕೇಂದ್ರ ಬಜೆಟ್ ಇದನ್ನು ಶೇ. 2ಕ್ಕೆ ಇಳಿಸುವ ಪ್ರಸ್ತಾವ ಮಂಡಿಸಿತು. ಇದು ಹೆಚ್ಚುವರಿ ತೆರಿಗೆಯಲ್ಲ, ಮುಂಗಡ ಮಾತ್ರ. ತೋಟದ ಆದಾಯದ ತಂದೆಯೂ ರಿಟರ್ನ್ ಸಲ್ಲಿಸಿ ಇದನ್ನು ಮರಳಿ ಪಡೆಯಬಹುದು. ರಿಟರ್ನ್ ಸಲ್ಲಿಸದಿದ್ದರೆ ಹಣ ಅಲ್ಲಿಯೇ ಉಳಿಯುತ್ತದೆ.

ಕೂಡಿಡಬೇಕಾದ ದಾಖಲೆಗಳು

ಬೋಧನಾ ಶುಲ್ಕ ಪ್ರತ್ಯೇಕವಾಗಿ ನಮೂದಾದ ರಸೀದಿ. ಅಸಲು, ಬಡ್ಡಿ ಬೇರೆ ಬೇರೆಯಾಗಿ ತೋರಿಸುವ ಬ್ಯಾಂಕಿನ ವಾರ್ಷಿಕ ಪ್ರಮಾಣಪತ್ರ. ಸಾಲ ಮಂಜೂರಾತಿ ಪತ್ರ. ವಿದ್ಯಾರ್ಥಿವೇತನದ ಮಂಜೂರಾತಿ ಆದೇಶ. ಕೃಷಿ ಆದಾಯವಿದ್ದರೆ ಪಹಣಿ ಮತ್ತು ಅಡಿಕೆ ಮಾರಾಟದ ಬಿಲ್ಲುಗಳು. 80ಇ ಕಡಿತ ಕೋರುವವರು ಸಾಲ ನೀಡಿದ ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಮಂಜೂರಾದ ದಿನಾಂಕ ಮುಂತಾದ ವಿವರಗಳನ್ನು ರಿಟರ್ನ್‌ನಲ್ಲೇ ತುಂಬಬೇಕಾಗುತ್ತದೆ. ಕೃಷಿ ಆದಾಯ 5,000 ರೂ. ಮೀರಿದ ಸಂಬಳದಾರರು ಸರಳವಾದ ಐಟಿಆರ್-1 ನಮೂನೆಯನ್ನು ಬಳಸುವಂತಿಲ್ಲ.

ಕೊನೆಯದಾಗಿ ಒಂದು ಮಾತು. ತೆರಿಗೆ ಉಳಿಯುತ್ತದೆಂಬ ಕಾರಣಕ್ಕೆ ಸಾಲ ಮಾಡುವುದು ಜಾಣತನವಲ್ಲ. ಮೊದಲು ವಿದ್ಯಾರ್ಥಿವೇತನ, ಬಳಿಕ ಬಡ್ಡಿ ಸಹಾಯಧನ, ಆ ಮೇಲೆ ಕಡಿಮೆ ಬಡ್ಡಿಯ ಸಾಲ, ಕೊನೆಗೆ ತೆರಿಗೆ ಕಡಿತ, ಈ ಅನುಕ್ರಮದಲ್ಲಿ ಯೋಚಿಸಬೇಕು. ಸಾಲ ಅನಿವಾರ್ಯವಾದರೆ, ಮುಂದೆ ದುಡಿದು ತೀರಿಸುವವರ ಹೆಸರು ಸಾಲಪತ್ರದಲ್ಲಿ ಇರುವಂತೆ ನೋಡಿಕೊಳ್ಳಬೇಕು. ದರ, ಮಿತಿಗಳು ಪ್ರತಿ ಬಜೆಟ್‌ನಲ್ಲೂ ಬದಲಾಗಬಹುದಾದ್ದರಿಂದ ಆಯಾ ವರ್ಷದ ನಿಯಮವನ್ನು ಲೆಕ್ಕ ಪರಿಶೋಧಕರಲ್ಲಿ ಖಚಿತಪಡಿಸಿಕೊಂಡು ಸಹಿ ಹಾಕುವುದು ಕ್ಷೇಮ.